ನಾವು ಬೇಡಮ್ಮ ಎಂದು ಕರೆದಾಕೆ

ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಪುಣ್ಯಕ್ಕೆ ಆಕೆ ಸತ್ತಿಲ್ಲ. ಕೆಲಸ ಬಿಟ್ಟು, ಮೆಲ್ಬರ್ನಿನ ಮನೆ ಖಾಲಿ ಮಾಡಿ, ಸಿಡ್ನಿಗೆ ಹೋಗಿ ಗಟ್ಟಿಮುಟ್ಟಾಗಿ ಕೂತಿದ್ದಾಳೆ. ಆದ್ದರಿಂದ ನಾನು ಧಾರಾಳವಾಗಿ ಬೈಯಬಹುದು. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ವಿಮಾನ ಹತ್ತಿಕೊಂಡು ಬಂದು ಜಗಳ ಆಡುವ ಪೈಕಿ ಆಕೆ. ನಮ್ಮ ಕನ್ನಡ ಶಾಲೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಬೇಡಮ್ಮ ಎನ್ನುತ್ತಿದ್ದೆವು. ಏನು ಮಾಡಹೋದರೂ ಬೇಡ. ವಿಡಿಯೋ ಬೇಡ. ಗ್ರೂಪಿಗೆ ಹಾಕುವುದು ಬೇಡ. ಮಕ್ಕಳ ಹೆಸರು ಬಾಗಿಲಿಗೆ ಅಂಟಿಸುವುದು ಬೇಡ. ನಾನು ಕಟ್ಟಿಕೊಂಡು ಹೋಗಿದ್ದ ರವೆ ಉಂಡೆಯೂ ಬೇಡ, "ಸಿಹಿ ಜಾಸ್ತಿ ಆಯ್ತು ನಿಮ್ಮದು" ಎಂದಳು, ಬಾಯಿಗೆ ಇಡುವ ಮೊದಲೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕುಣಿಗಲ್ ಕಡೆಯವಳು. ದೇವರು ಕೊಟ್ಟ ಇಬ್ಬರು ಹೆಣ್ಣುಮಕ್ಕಳೂ ಈ ದೇಶದಲ್ಲೇ ಇದ್ದಾರೆ. ದೊಡ್ಡವಳು ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿ, ಚಿಕ್ಕವಳು ಸಿಡ್ನಿಯ ದಿ ಪಾಂಡ್ಸಿನಲ್ಲಿ. ದೊಡ್ಡವಳ ಮಗಳು ನಮ್ಮ ಚಿನ್ನು. ಅವಳ ವಿಷಯ ಶುರು ಮಾಡಿದರೆ ಈ ಕಾಗದ ಸಾಲದು. ಆ ಕಣ್ಣು, ಆ ಜಡೆ, 'ಅಜ್ಜಿ ಯು ಆರ್ ಸೋ ಫನ್ನಿ' ಎಂದು ಕೊರಳಿಗೆ ಬೀಳುವ ಆ ತೋಳು! ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಹಾಗಾಗಿ ಭಾನುವಾರ ಬೆಳಿಗ್ಗೆ ಕನ್ನಡ ಶಾಲೆಗೆ ಸೇರಿಸಿದೆವು. ಶಾಲೆ ಯಾವ ಸಬರ್ಬಿನಲ್ಲಿದೆ ಎಂದು ಕೇಳಬೇಡಿ, ಹೇಳುವುದಿಲ್ಲ. ಯಾಕೆ ಎಂದು ನಿಮಗೇ ಗೊತ್ತಾಗುತ್ತದೆ. ಇಲ್ಲಿಯವರ ಒಂದು ಸ್ಕೂಲಿನ ಕೋಣೆಗಳನ್ನು ಭಾನುವಾರಕ್ಕೆ ಮಾತ್ರ ಬಾಡಿಗೆಗೆ ಹಿಡಿದಿದ್ದರು. ಪಾಠ ಹೇಳುವವರೆಲ್ಲ ನಮ್ಮಂಥವರೇ. ವಾರವಿಡೀ ಕಂಪ್ಯೂಟರ್, ಆಸ್ಪತ್ರೆ ಎಂದು ದುಡಿದು, ಭಾನುವಾರ ಬಂದು ಸಂಬಳವಿಲ್ಲದೆ ಅ ಆ ಇ ಈ ಕಲಿಸುವವರು. ನನ್ನದು ಚಹಾ ಕಾಯಿಸುವ ಕೆಲಸ.

ಮೊದಲ ವಾರವೇ ಚಿನ್ನು ಎದ್ದು ನಿಂತು 'ಅರಸ, ಆನೆ' ಎಂದು ಓದಿದಳು. ನನಗೆ ಸ್ವರ್ಗ ಮೂರೇ ಗೇಣು. ಫೋನ್ ತೆಗೆದು ವಿಡಿಯೋ ಹಿಡಿದೆ. ಎಲ್ಲಿಂದಲೋ ಒಂದು ಅಂಗೈ ಬಂದು ಫೋನಿನ ಮುಂದೆ ಅಡ್ಡ ನಿಂತಿತು.

"ಯಾರನ್ನು ತೆಗೀತಿದ್ದೀರಿ?"

"ನನ್ನ ಮೊಮ್ಮಗಳ್ನ ಕಣಮ್ಮ."

"ಅವಳ ಹಿಂದೆ ಕೂತ ಮಕ್ಕಳು ಯಾರ ಮೊಮ್ಮಕ್ಕಳು?"

"ನಂಗೇನ್ ಗೊತ್ತು?"

"ಗೊತ್ತಿಲ್ಲ ಅಲ್ವಾ? ಹಾಗಾದ್ರೆ ಅಳಿಸಿ. ಈಗ್ಲೇ. ನನ್ನ ಎದುರಿಗೇ ಅಳಿಸಿ."

ಅಳಿಸುವುದು ಹೇಗೆ ಎಂದೇ ನನಗೆ ಬರುತ್ತಿರಲಿಲ್ಲ. ಅದನ್ನೂ ಅವಳೇ ಹೇಳಿಕೊಟ್ಟಳು. ನನ್ನ ಬೆರಳಿನಲ್ಲೇ ಒತ್ತಿಸಿದಳು. ನನ್ನ ಮೊಮ್ಮಗಳು ಮೊದಲ ಸಲ ಕನ್ನಡ ಓದಿದ್ದು ಹೀಗೆ ಗಾಳಿಗೆ ಹೋಯಿತು. ಆ ದಿನ ಅವಳ ಚಹಾಕ್ಕೆ ನಾನು ಸಕ್ಕರೆ ಹಾಕಲಿಲ್ಲ. ಅವಳಿಗೆ ಅದು ಗೊತ್ತಾಗಲೂ ಇಲ್ಲ.

ನೋಡಲು ಒಣಕಲು ಹೆಂಗಸು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಕನ್ನಡವನ್ನು ಉಗುರಲ್ಲಿ ಗೀರಿದ ಹಾಗೆ ಸ್ಪಷ್ಟವಾಗಿ ಆಡುವಳು. ಕತ್ತಿನಲ್ಲಿ ಸಣ್ಣ ಶಿಲುಬೆ, ಕಾಲಿಗೆ ಓಟದ ಶೂ, ಹೆಗಲಿಗೆ ಎಲ್ಲಕ್ಕೂ ಒಂದೇ ಚೀಲ. ನಗು ಎಂಬುದನ್ನು ಊರಿನಲ್ಲೇ ಬಿಟ್ಟು ಬಂದಿದ್ದಳು. ಮಧ್ಯಾಹ್ನ ನಾವೆಲ್ಲ ಚಿತ್ರಾನ್ನ, ಪುಳಿಯೋಗರೆ ಹಂಚಿಕೊಂಡು ಕೂತರೆ ಅವಳು ಕಾರಿನಲ್ಲಿ ಗ್ಲಾಸು ಏರಿಸಿಕೊಂಡು ಒಬ್ಬಳೇ ತಿನ್ನುವಳು. ಅವಳ ಕಾರು ಯಾವಾಗಲೂ ಗೇಟಿಗೆ ಮುಖ ಮಾಡಿಯೇ ನಿಂತಿರುತ್ತಿತ್ತು.

ವಾರದ ದಿನಗಳಲ್ಲಿ ಅವಳ ಕೆಲಸವೂ ಅದೇ ಜಾತಿಯದು. ಸ್ಕೂಲಿನಿಂದ ಸ್ಕೂಲಿಗೆ ಹೋಗುವುದು, ಅಲ್ಲಿಯ ಟೀಚರುಗಳು, ಆಫೀಸಿನವರು, ಆಟ ಆಡಿಸುವವರು ಎಲ್ಲರನ್ನೂ ಕೂರಿಸಿಕೊಳ್ಳುವುದು, ಇಂಟರ್ನೆಟ್ಟಿನಲ್ಲಿ ಮಕ್ಕಳಿಗೆ ಕೆಟ್ಟದ್ದಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಹೇಳಿಕೊಡುವುದು. ಭಾನುವಾರ ಅದನ್ನೇ ನಮ್ಮ ಶಾಲೆಯಲ್ಲಿ ಬಿಟ್ಟಿಯಾಗಿ ಮಾಡಲು ಬಂದಿದ್ದಳು. ಬಿಟ್ಟಿಯಾಗಿ ಬಂದವರು ಬಾಗಿ ನಡೆಯಬೇಕಲ್ಲವೇ? ಇವಳು ಒಬ್ಬೊಬ್ಬರ ಮಾನ ಕಳೆಯುತ್ತಿದ್ದಳು.

ಒಂದು ಸಲ ನಾನು ಚಹಾ ತೆಗೆದುಕೊಂಡು ಒಳಗೆ ಹೋದಾಗ ಪಾಠ ಹೇಳುವವರೆಲ್ಲ ಮಕ್ಕಳ ಸಣ್ಣ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಇವಳು ಎದುರಿಗೆ ನಿಂತು ಕೇಳಿದಳು, "ನಾನೊಂದು ಮಗು. ಆಟದ ಒಳಗೆ ಯಾರೋ ಒಬ್ಬ ನನ್ನ ಫೋಟೋ ಕೇಳಿದ, ನಾನು ಕಳಿಸಿಬಿಟ್ಟೆ. ನಿಮ್ಮತ್ರ ಬಂದು ಹೇಳ್ತಿದ್ದೇನೆ. ಈಗ ಎಂತ ಮಾಡ್ತೀರಿ?"

ನಮ್ಮ ಹೆಡ್ ಮೇಷ್ಟ್ರು ಒಳ್ಳೆಯ ಮನುಷ್ಯ, ದೊಡ್ಡ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. "ಐಪ್ಯಾಡ್ ಕಿತ್ಕೋತೀನಿ ಮೇಡಂ, ಮೊದಲ್ನೇ ಕೆಲಸ" ಎಂದರು.

"ಮುಗೀತು. ಆ ಮಗು ಇನ್ನು ಜನ್ಮದಲ್ಲಿ ನಿಮ್ಮತ್ರ ಬರುದಿಲ್ಲ. ಮತ್ತೆ?"

ಒಂದು ಹುಡುಗಿ, ಆರನೇ ತಿಂಗಳ ಬಸುರಿ, ಪಾಪ, ಮೆಲ್ಲಗೆ ಹೇಳಿತು: "ಅಯ್ಯೋ ದೇವ್ರೇ, ಯಾಕೆ ಹಾಗ್ ಮಾಡ್ದೆ ಪುಟ್ಟಾ ಅಂತ..."

"ನೋಡಿ ನಿಮ್ಮ ಮುಖ! ಯಾರೋ ಸತ್ತ ಹಾಗೆ ಉಂಟು. ಮಗು ಮೊದ್ಲು ನಿಮ್ಮ ಮುಖ ನೋಡ್ತದೆ, ಮಾತು ಆಮೇಲೆ ಕೇಳ್ತದೆ. ಮುಖ ಸರಿ ಮಾಡ್ಲಿಕ್ಕೆ ಬರುದಿಲ್ಲ ಅಂದ್ರೆ ಮಕ್ಕಳತ್ರ ಬರ್ಬೇಡಿ."

ಆ ಹುಡುಗಿಯ ಕಣ್ಣಲ್ಲಿ ನೀರು. ನನಗೆ ತಡೆಯಲಾಗಲಿಲ್ಲ. ತಟ್ಟೆ ಕುಕ್ಕಿ, "ನಾನಾಗಿದ್ರೆ ಮೊದ್ಲು ಮಗೀಗೆ ಊಟಕ್ಕಿಕ್ತಿದ್ದೆ" ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಊಟ ಸರಿ ಉಂಟು. ಊಟ ಹಾಕಿದ ಮೇಲೆ ನೀವು ಆ ವಿಷಯ ಕ್ರೇಗಿಬರ್ನಿಂದ ಕುಣಿಗಲ್ ತನಕ ಹಂಚ್ತೀರಿ. ಅದು ಸರಿ ಇಲ್ಲ."

ಹಾಗೆಂದವಳು ಅಲ್ಲೇ ಹೆಡ್ ಮೇಷ್ಟ್ರಿಗೆ ಹೇಳಿ ಪೋಷಕರ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗೆಸಿದಳು. ಆ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಎಲ್ಲರಿಗೂ ಶುಭೋದಯ ಹೇಳುತ್ತಿದ್ದವಳು ನಾನೊಬ್ಬಳೇ.

ಇನ್ನೊಂದು ಹುಚ್ಚು ಅವಳಿಗೆ. ಒಂದು ವಾಕ್ಯ ಮಾಡಿಟ್ಟುಕೊಂಡಿದ್ದಳು. ಹೊರಗಿನವರು ಯಾರೇ ಫೋನ್ ಮಾಡಲಿ, ಮೆಸೇಜ್ ಕಳಿಸಲಿ, ಬಾಗಿಲಿಗೆ ಬರಲಿ, ಯಾವುದೇ ಮಗುವಿನ ಬಗ್ಗೆ ಕೇಳಿದರೆ ಹೌದು ಎನ್ನಬಾರದು, ಇಲ್ಲ ಎಂದೂ ಅನ್ನಬಾರದು. "ನಮ್ಮಲ್ಲಿ ಯಾವ ಮಗು ಉಂಟು, ಯಾವ ಮಗು ಇಲ್ಲ ಎಂದು ನಾವು ಯಾರಿಗೂ ಹೇಳುವುದಿಲ್ಲ." ಇಷ್ಟೇ ಹೇಳಬೇಕು. ಇದನ್ನು ಪಾಠ ಹೇಳುವವರಿಂದ ಮಗ್ಗಿಯ ಹಾಗೆ ಒಪ್ಪಿಸಿಕೊಳ್ಳುತ್ತಿದ್ದಳು. ಒಂದು ಪದ ಆಚೀಚೆ ಆದರೆ ಮತ್ತೆ ಮೊದಲಿನಿಂದ. ವಾರವಾರವೂ ಚಹಾ ಕೊಡಲು ಹೋಗಿ ಹೋಗಿ ನನಗೂ ಬಾಯಿಪಾಠ ಆಗಿಹೋಯಿತು. ಪಾತ್ರೆ ತೊಳೆಯುವಾಗ ನಾನೇ ಅವಳ ರಾಗದಲ್ಲಿ ಹೇಳಿ ಹೇಳಿ ಚಿನ್ನುವನ್ನು ನಗಿಸುತ್ತಿದ್ದೆ.

ದೊಡ್ಡ ಜಗಳ ಆದದ್ದು ರಾಜ್ಯೋತ್ಸವಕ್ಕೆ. ಚಿನ್ನು ರಾಣಿಯ ವೇಷ ಹಾಕಿದ್ದಳು. ನನ್ನ ಧಾರೆ ಸೀರೆಯ ಸೆರಗು ಕತ್ತರಿಸಿ ಲಂಗ ಹೊಲಿಸಿದ್ದೆ, ಅದರ ಮೇಲೆ ಕಿರೀಟ, ಕೈಯಲ್ಲಿ ಕತ್ತಿ. ಊರಿನಲ್ಲಿ ನನ್ನ ಅಕ್ಕ, ತಮ್ಮ, ಓರಗಿತ್ತಿ ಎಲ್ಲರೂ ಫೋಟೋಗೆ ಕಾಯುತ್ತಿದ್ದರು. ಹೆಡ್ ಮೇಷ್ಟ್ರಿಗೆ ಒಂದು ಆಸೆ: ವೇಷ ಹಾಕಿದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಶಾಲೆಯ ಫೇಸ್‌ಬುಕ್ ಪುಟದಲ್ಲಿ ಹಾಕಿ, ಪ್ರತಿಯೊಬ್ಬರ ಕೆಳಗೂ 'ಇಂಥವರ ಮಗಳು, ಇಂಥ ಊರಿನವರು' ಎಂದು ಬರೆಯುವುದು. ನಮ್ಮ ಜನ ಒಬ್ಬರನ್ನೊಬ್ಬರು ನೋಡಿದರೆ ಮೊದಲು ಕೇಳುವುದೇ ಅದಲ್ಲವೇ, ಯಾವೂರು, ಯಾರ ಪೈಕಿ?

"ಬೇಡ" ಎಂದಳು.

ಮೇಷ್ಟ್ರು ನಕ್ಕು, "ಮೇಡಂ, ಇಂಗ್ಲಿಷಲ್ಲಿ ಹಾಕಲ್ಲ. ಪೂರ್ತಿ ಕನ್ನಡದಲ್ಲೇ ಬರೀತೀವಿ. ಈ ದೇಶದಲ್ಲಿ ಯಾರಿಗ್ ಓದಕ್ ಬರುತ್ತೆ?" ಎಂದರು.

"ಓದ್ಲಿಕ್ಕೆ ಬರುವವರದ್ದೇ ನಂಗೆ ಹೆದರಿಕೆ."

ಹಾಲಿನಲ್ಲಿದ್ದವರೆಲ್ಲರ ಬಾಯಿ ಒಟ್ಟಿಗೇ ತೆರೆಯಿತು. ಹಾಗಂದ್ರೆ ಕನ್ನಡದವರೆಲ್ಲ ಕಳ್ಳರಾ? ನಮ್ಮ ಮಕ್ಕಳಿಗೆ ನಾವೇ ಶತ್ರುಗಳಾ? ಅವ್ಳಿಗ್ ನಮ್ ಹಬ್ಬ ಕಂಡ್ರೆ ಆಗಲ್ಲ ಬಿಡ್ರೀ, ಎಂದು ಯಾರೋ ಅವಳ ಶಿಲುಬೆ ನೋಡಿ ಅಂದರು. ಅವಳಿಗೆ ಕೇಳಿಸುವ ಹಾಗೇ ಅಂದರು. ನಾನೂ ಸುಮ್ಮನಿರಲಿಲ್ಲ. "ಮಕ್ಕಳಿಲ್ದೋಳ್ಗೆ ಮಕ್ಕಳ ಸಂಭ್ರಮ ಹೆಂಗ್ ಗೊತ್ತಾಗ್ಬೇಕು" ಎಂದೆ. ಅದೂ ಅವಳಿಗೆ ಕೇಳಿಸಿತು. ಕಣ್ಣು ಮಿಟುಕಿಸಲಿಲ್ಲ.

"ಯಾವ ಮಗೂಗ್ ತೊಂದ್ರೆ, ಅದನ್ನಾದ್ರೂ ಹೇಳಿ ಮೇಡಂ" ಎಂದರು ಮೇಷ್ಟ್ರು.

"ಹೇಳುದಿಲ್ಲ."

"ಹಾಗಾದ್ರೆ ಹಾಕ್ತೀವಿ."

"ಹಾಕಿ. ನಾಳೆ ಬೆಳಿಗ್ಗೆ ಈ ಸ್ಕೂಲಿನವರಿಗೆ ನಾನೇ ಫೋನ್ ಮಾಡ್ತೇನೆ. ಮುಂದಿನ ಭಾನುವಾರ ನಿಮ್ಗೆ ಹಾಲ್ ಇರುದಿಲ್ಲ."

ಅವಳು ಯಾಕೆ ಹೇಳಲಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಓದುವವರನ್ನು ಕಾಯಿಸುವುದು ನನಗೆ ಬರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಚಿನ್ನುವಿನ ಪಕ್ಕ ಒಂದು ಹುಡುಗಿ ಕೂರುತ್ತಿತ್ತು. ಮೆತ್ತಗಿನ ಮಗು. ಅದರ ತಾಯಿ ಮಗುವನ್ನು ಕಟ್ಟಿಕೊಂಡು, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಸಿಡ್ನಿಯಿಂದ ಓಡಿ ಬಂದಿದ್ದಳು. ಅವನೂ ಕನ್ನಡದವನೇ, ನಾಲ್ಕು ಜನರಲ್ಲಿ ಒಳ್ಳೆಯ ಹೆಸರು. ಹತ್ತಿರ ಸುಳಿಯಬಾರದು ಎಂದು ಕೋರ್ಟ್ ಹೇಳಿತ್ತು. ಆದರೆ ಅವರಿನ್ನೂ ಸಿಡ್ನಿಯಲ್ಲೇ ಬೇರೆ ಮನೆಯಲ್ಲಿದ್ದಾಗ ಅಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಯಾರೋ ಪ್ರೀತಿಯಿಂದ ಆ ಮಗುವಿನ ಫೋಟೋ ಹಾಕಿ, ಕೆಳಗೆ ಕನ್ನಡದಲ್ಲಿ ಮುದ್ದಾಗಿ ಹೆಸರು ಬರೆದರು. ಅವನು ಓದಿದ. ಮುಂದಿನ ವಾರ ಗೇಟಿನಲ್ಲಿ ನಿಂತಿದ್ದ. ಆ ಶಾಲೆಯಲ್ಲೂ ಬೇಡಮ್ಮನೇ ಇದ್ದಳು. ಅವಳ ಮಾತು ಅಲ್ಲಿಯೂ ಯಾರೂ ಕೇಳಿರಲಿಲ್ಲ. ಆ ತಾಯಿಮಗಳಿಗೆ ಮೆಲ್ಬರ್ನಿನಲ್ಲಿ ಮನೆ ನೋಡಿಕೊಟ್ಟು, ತಾನೂ ಕೆಲಸ ಬದಲಿಸಿಕೊಂಡು ಬಂದವಳು ಅವಳು. ಕನ್ನಡದವರ ಸಹವಾಸವೇ ಬೇಡ, ಮನೆಯಲ್ಲೇ ಇರಿ ಎಂದು ತಾಯಿಗೆ ಎಲ್ಲರೂ ಬುದ್ಧಿ ಹೇಳಿದ್ದರಂತೆ. ಇವಳೊಬ್ಬಳು, "ಮಗು ಯಾಕೆ ಅಡಗಿ ಕೂರ್ಬೇಕು? ಅದಕ್ಕೆ ಅಜ್ಜಿ ಹತ್ರ ಫೋನಲ್ಲಿ ಮಾತಾಡ್ಲಿಕ್ಕೆ ಭಾಷೆ ಬೇಕಲ್ವಾ? ಶಾಲೆಯನ್ನು ನಾನು ಸರಿ ಮಾಡ್ತೇನೆ, ನೀವು ಕಳಿಸಿ" ಎಂದಿದ್ದಳಂತೆ. ಆ ಒಂದು ಮಗು ಉಳಿದ ಮಕ್ಕಳ ಹಾಗೆ ಬೆಂಚಿನಲ್ಲಿ ಕೂತು ಕನ್ನಡ ಕಲಿಯಲಿ ಎಂದು ನಮ್ಮೆಲ್ಲರ ಕೈಲಿ ಬೈಸಿಕೊಂಡಳು. ಇದೆಲ್ಲ ನನಗೆ ಆಮೇಲೆ ಆ ತಾಯಿಯೇ ಹೇಳಿದ್ದು. ಅವಳನ್ನು ಕೇಳಿ, ಅವಳು ಹೂಂ ಎಂದ ಮೇಲೆಯೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದ ನನಗೆ ಆ ದಿನ ಕಂಡದ್ದು ಒಂದು ಬಿಳಿ ಪರದೆ ಅಷ್ಟೇ. ಫೋಟೋ ಬೇಕಾದವರು ಒಬ್ಬೊಬ್ಬರಾಗಿ ಬಂದು, ತಮ್ಮ ಮಗುವನ್ನು ಮಾತ್ರ ಅದರ ಮುಂದೆ ನಿಲ್ಲಿಸಿ ತೆಗೆದುಕೊಳ್ಳಬೇಕು ಎಂದು ಮೂಲೆಯಲ್ಲಿ ಕಟ್ಟಿಸಿದ್ದಳು. ಶಾಲೆಯ ಹೆಸರು ಕಾಣಬಾರದು, ಕಿಟಕಿ ಕಾಣಬಾರದು, ಇನ್ನೊಂದು ಮಗುವಿನ ಕಿರುಬೆರಳೂ ಕಾಣಬಾರದು. ನನ್ನ ರಾಣಿ, ಆಸ್ಪತ್ರೆಯ ಬೆಡ್‌ಶೀಟಿನ ಮುಂದೆ ನಿಂತ ಹಾಗೆ ನಿಂತಳು. ಊರಿನಿಂದ ನನ್ನಕ್ಕ ಫೋನ್ ಮಾಡಿ, "ಏನೇ, ಮಗೀಗ್ ಮೈ ಸರಿಯಿಲ್ವಾ?" ಎಂದು ಕೇಳಿದಳು.

ಅದಾದ ಮೇಲೆ ಸಿಡ್ನಿಯಲ್ಲಿ ಚಿಕ್ಕವಳಿಗೆ ಗಂಡು ಮಗುವಾಯಿತು. ಎಷ್ಟು ವರ್ಷದ ಹರಕೆ! ಕೂಸನ್ನು ಎತ್ತಿಕೊಂಡರೆ ನೆಲ ಕಾಲಿಗೆ ತಾಗುತ್ತಿರಲಿಲ್ಲ ನನಗೆ. ನಾಮಕರಣಕ್ಕೆ ದಿ ಪಾಂಡ್ಸಿನ ಮನೆ ತುಂಬ ಜನ. ಅವರಲ್ಲಿ ಅಳಿಯನ ಗೆಳೆಯನೊಬ್ಬನ ಜೊತೆ ಬಂದವನು ಒಬ್ಬ. ಎಷ್ಟು ಮರ್ಯಾದಸ್ಥ! ನನ್ನ ಕಾಲಿಗೆ ಬಿದ್ದ. ತಾನೇ ಎದ್ದು ನನಗೆ ಮಜ್ಜಿಗೆ ತಂದುಕೊಟ್ಟ. ಪಕ್ಕದಲ್ಲಿ ನೆಲದ ಮೇಲೆ ಕೂತು, "ಅಮ್ಮಾ, ನಿಮ್ಮ ದೊಡ್ಡ ಮೊಮ್ಮಗಳು ಮೆಲ್ಬರ್ನ್ ಕನ್ನಡ ಶಾಲೆಗ್ ಹೋಗ್ತಾಳಂತಲ್ಲ, ಫೋಟೋ ತೋರ್ಸಿ ಅಮ್ಮಾ" ಎಂದ.

ಕೇಳುವುದೇ ಹೆಚ್ಚು. ನಾನು ತೋರಿಸುತ್ತಾ ಹೋದೆ. ರಾಣಿ ಎದುರಿನಿಂದ, ರಾಣಿ ಪಕ್ಕದಿಂದ, ಕತ್ತಿ ಎತ್ತಿದ ರಾಣಿ. ಹಿಂದೆಲ್ಲ ಬಿಳಿ ಪರದೆ.

"ಬೇರೆ ಮಕ್ಕಳ್ ಜೊತೆ ಇಲ್ವಾ ಅಮ್ಮಾ?"

"ಇಲ್ಲಪ್ಪ. ಅಲ್ಲೊಬ್ಬಳು ರಾಕ್ಷಸಿ ಇದಾಳೆ, ತೆಗಿಯಕ್ ಬಿಡಲ್ಲ."

ಅವನು ಇನ್ನಷ್ಟು ಹತ್ತಿರ ಸರಿದು ಕೂತ. ಆಮೇಲೆ ಒಂದು ಹೆಸರು ಹೇಳಿದ. "ಆ ಹೆಸರಿನ ಹುಡುಗಿ ಇದಾಳಾಮ್ಮ ಅಲ್ಲಿ? ನನ್ ಮಗಳು. ಅವ್ಳ ತಾಯಿ ಕರ್ಕೊಂಡ್ ಹೊರಟೋದ್ಲು. ಮುಖ ನೋಡಿ ಎಷ್ಟ್ ಕಾಲ ಆಯ್ತು ಗೊತ್ತಾ?" ಎಂದವನ ಕಣ್ಣಿನಿಂದ ನೀರು ಸುರಿಯಿತು. ನಾಮಕರಣದ ಮನೆಯಲ್ಲಿ ಒಬ್ಬ ಅಪ್ಪ ಅಳುತ್ತಿದ್ದಾನೆ!

ಅದು ಚಿನ್ನುವಿನ ಪಕ್ಕ ಕೂರುವ ಹುಡುಗಿಯ ಹೆಸರು. 'ಅಯ್ಯೋ ಕಂದಾ, ಇದಾಳಪ್ಪ, ನಮ್ ಚಿನ್ನು ಪಕ್ಕದಲ್ಲೇ ಕೂರ್ತಾಳೆ' ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನು ನನ್ನ ಕೈಯಿಂದ ಫೋನ್ ತೆಗೆದುಕೊಂಡ. ಮೆತ್ತಗೇ ತೆಗೆದುಕೊಂಡ. ಮುಖದ ಮೇಲೆ ಕಣ್ಣೀರು ಇಳಿಯುತ್ತಲೇ ಇತ್ತು. ಕೆಳಗೆ ಹೆಬ್ಬೆರಳು ಮಾತ್ರ ಒಂದೊಂದೇ ಫೋಟೋ ಸರಿಸುತ್ತ, ವಾಟ್ಸಾಪ್ ತೆಗೆದು, ಗ್ರೂಪುಗಳನ್ನು ಹುಡುಕುತ್ತ ಸರಸರ ಓಡುತ್ತಿತ್ತು. ಸಾವಿನ ಮನೆ ಎಷ್ಟೋ ನೋಡಿದ್ದೇನೆ. ಅಳುವವರ ಕೈ ಸೋತಿರುತ್ತದೆ. ಇಷ್ಟು ಚುರುಕಾದ ಕೈ ಇಟ್ಟುಕೊಂಡು ಅಳುವವನನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಹೆದರಿಕೆ ಆಯಿತು. ಫೋನ್ ಕಿತ್ತುಕೊಂಡೆ. ಏನು ಹೇಳಬೇಕು ಎಂದು ತಿಳಿಯದೆ ಬಾಯಿಗೆ ಬಂದದ್ದು ಪಾತ್ರೆ ತೊಳೆಯುವಾಗ ಹೇಳಿಕೊಳ್ಳುತ್ತಿದ್ದ ಅದೇ ಮಗ್ಗಿ: "ನಮ್ಮಲ್ಲಿ ಯಾವ ಮಗು ಉಂಟು, ಯಾವ ಮಗು ಇಲ್ಲ ಎಂದು ನಾವು ಯಾರಿಗೂ ಹೇಳುವುದಿಲ್ಲ."

ಅವನ ಕಣ್ಣೀರು ನಿಂತುಹೋಯಿತು, ನಲ್ಲಿ ತಿರುಗಿಸಿದ ಹಾಗೆ. ನನ್ನನ್ನೇ ದಿಟ್ಟಿಸಿ ನೋಡಿ ನಕ್ಕ. "ಓಹೋ. 'ಉಂಟು' ಬೇರೆ! ಆ ಮುದುಕಿ ಅಲ್ಲಿದಾಳಾ ಹಾಗಾದ್ರೆ?" ಎಂದ. ಆಕೆಯ ಹೆಸರನ್ನೂ ಹೇಳಿ, ಅದರ ಜೊತೆ ನಾನು ಬರೆಯಲಾಗದ ಒಂದು ಮಾತನ್ನೂ ಸೇರಿಸಿದ. ತಾಂಬೂಲ ತೆಗೆದುಕೊಳ್ಳದೆ ಹೊರಟುಹೋದ.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ದೊಡ್ಡ ಮಗಳಿಗೆ ಫೋನ್ ಮಾಡಿ ಬೇಡಮ್ಮನ ನಂಬರ್ ತೆಗೆದುಕೊಂಡೆ. ಗ್ರೂಪಿನಿಂದ ಕಿತ್ತುಹಾಕಿದವಳಿಗೆ ನಾನೇ ಫೋನ್ ಮಾಡುವ ಹಾಗಾಯಿತು. ವಿಷಯ ಕೇಳಿ ಅವಳು ಅಯ್ಯೋ ಎನ್ನಲಿಲ್ಲ.

"ಅವ ಎಂತ ಕೇಳಿದ? ನೀವು ಎಂತ ಹೇಳಿದ್ರಿ? ಒಂದೊಂದೇ ಮಾತು ಹೇಳಿ."

ಹೇಳಿದೆ.

"ಫೋನ್ ಯಾಕೆ ಅವನ ಕೈಗೆ ಹೋಯ್ತು?"

"ಅವ್ನೇ ತಗೊಂಡ."

"ಮತ್ತೆ, ನಾನು ಹೇಳಿದ ಹಾಗೇ ಹೇಳ್ಬೇಕಿತ್ತಾ ನಿಮಗೆ? ನಿಮ್ಮ ಮಾತಲ್ಲಿ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ? ಸಿಡ್ನಿಯಲ್ಲೂ ನಾನು ಇದನ್ನೇ ಹೇಳ್ಕೊಟ್ಟಿದ್ದು. ಅವನಿಗೆ ಎಲ್ಲಾ ಗೊತ್ತಾಯ್ತಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. "ಏನೇ, ಒಂದ್ ಪದ ಆಚೀಚೆ ಆದ್ರೆ ಮೊದಲಿಂದ ಹೇಳಿ ಅಂತ ಕುಣಿಸ್ದೋಳು ನೀನಲ್ವೇನೇ? ಮಗ್ಗಿ ಮಾಡ್ಸಿ, ಈಗ ಮಗ್ಗಿ ಯಾಕಂದೆ ಅಂತೀಯಾ? ಗಿಣಿ ಸಾಕಿದ್ಮೇಲೆ ಗಿಣಿ ಥರಾನೇ ಮಾತಾಡೋದು!" ಎಂದೆ. ನಾಮಕರಣದ ಮನೆಯ ಬಚ್ಚಲಿನಲ್ಲಿ, ರೇಷ್ಮೆ ಸೀರೆ ಉಟ್ಟುಕೊಂಡು, ಕಿರುಚಿದೆ.

ಆ ಕಡೆಯಿಂದ ಕಾರಿನ ಬಾಗಿಲು ಹಾಕಿಕೊಂಡ ಸದ್ದು ಬಂತು. ಆಮೇಲೆ, "ಹೌದು. ಅದು ನನ್ನ ತಪ್ಪು. ಒಬ್ಬೊಬ್ಬರೂ ಅವರವರ ಮಾತಲ್ಲಿ ಹೇಳ್ಲಿಕ್ಕೆ ಕಲಿಸ್ಬೇಕಿತ್ತು" ಎಂದಳು. ಅವಳು ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಒಂದು ಸಲ. ಥ್ಯಾಂಕ್ಸ್ ಎಂದಳೇ? ಇಲ್ಲ. ಫೋನ್ ಇಟ್ಟಳು.

ನಾನು ಮೆಲ್ಬರ್ನಿಗೆ ವಾಪಸು ಬರುವ ಹೊತ್ತಿಗೆ ಪೊಲೀಸರಿಗೆ ಹೇಳಿಯಾಗಿತ್ತು. ಮಗುವನ್ನು ಇನ್ನು ಕನ್ನಡ ಶಾಲೆಗೆ ಕಳಿಸುವುದು ಬೇಡ ಎಂದು ತಾಯಿಯೇ ತೀರ್ಮಾನ ಮಾಡಿದ್ದಳು. ಬೇಡಮ್ಮ ಅವಳ ಮನೆಗೆ ಹೋಗಿ ಅಲ್ಲಿಯೂ ಜಗಳ ಆಡಿದಳಂತೆ. "ಅವ ಹುಡುಕುದು ಈಗ ನನ್ನನ್ನು. ನಾನಿದ್ದ ಕಡೆ ಮಗು ಉಂಟು ಅಂತ ಅವನ ಲೆಕ್ಕ. ಹಾಗಾದ್ರೆ ಶಾಲೆ ಬಿಡ್ಬೇಕಾದ್ದು ನಾನು. ಮಗು ಯಾಕೆ ಬಿಡ್ಬೇಕು?" ಎಂದಳಂತೆ. ನಿವೃತ್ತಿಗೆ ಇನ್ನೂ ಕಾಲವಿತ್ತು. ಕಾಯಲಿಲ್ಲ. ಕೆಲಸ ಬಿಟ್ಟು, ಗಂಟುಮೂಟೆ ಕಟ್ಟಿದಳು. ನಮ್ಮ ಶಾಲೆಯವರು ಅವಳಿಗೆ ಒಂದು ಹೂವೂ ಕೊಡಲಿಲ್ಲ. ಆ ಭಾನುವಾರ ಚಹಾ ಕುಡಿಯುವಾಗ ಎಲ್ಲರೂ ಜೋರಾಗಿ ನಗುತ್ತಿದ್ದರು.

ಕೆಲವು ವಾರಗಳಲ್ಲಿ ಹೆಡ್ ಮೇಷ್ಟ್ರು ಫೋನ್ ಹಿಡಿದುಕೊಂಡು ಓಡಿ ಬಂದರು. "ನೋಡಿ ಅಮ್ಮಾ, ನಮ್ ಬೇಡಮ್ಮನ್ನ! ನಮಗೆಲ್ಲ ಬೇಡ ಬೇಡ ಅಂತಿದ್ಲು, ಈಗ ಸಿನಿಮಾ ಹೀರೋಯಿನ್ ಥರ ನಿಂತಿದಾಳೆ!" ಸಿಡ್ನಿಯ ಕನ್ನಡ ಶಾಲೆಯೊಂದರ ಪುಟ. ಅದರಲ್ಲಿ ಅವಳೊಬ್ಬಳದೇ ದೊಡ್ಡ ಫೋಟೋ. ಹಿಂದೆ ಶಾಲೆಯ ಹೆಸರು, ಗೇಟು, ರಸ್ತೆ ಎಲ್ಲ ಕಾಣುವ ಹಾಗೆ. ಕೆಳಗೆ ಪೂರ್ತಿ ಕನ್ನಡದಲ್ಲಿ ಅವಳ ಹೆಸರು, ಊರು, ಪ್ರತಿ ಭಾನುವಾರ ಇಲ್ಲೇ ಇರುತ್ತಾರೆ ಎಂಬ ಮಾತು. ಕುಂಕುಮ ಬಣ್ಣದ ಸೀರೆ ಬೇರೆ ಉಟ್ಟಿದ್ದಳು. ನಗುತ್ತಿದ್ದಳು. ಆ ನಗು ನೋಡಬೇಕಿತ್ತು ನೀವು, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದ ಹಾಗಿತ್ತು.

ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಡುಗಿಯ ತಾಯಿ ಮಾತ್ರ ನನ್ನ ಕೈ ಹಿಡಿದು ಅಡುಗೆ ಕೋಣೆಗೆ ಎಳೆದುಕೊಂಡು ಹೋಗಿ, ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದಳು. "ಅವ್ನು ಓದ್ಲಿ ಅಂತಾನೇ ಹಾಕ್ಸಿದಾರೆ ಅಮ್ಮಾ. ಈಗ ಪ್ರತಿ ಭಾನುವಾರ ಅಲ್ಲಿ ಹೋಗಿ ಗೇಟ್ ಹತ್ರ ನಿಂತ್ಕೋತಾನಂತೆ. ಇವ್ರು ಚೀಲ ಹಾಕ್ಕೊಂಡು ಅವನ ಮುಂದೇನೇ ನಡ್ಕೊಂಡ್ ಹೋಗ್ತಾರಂತೆ" ಎಂದು ಅತ್ತಳು. ಕೊನೆಗೆ ಒಂದು ದಿನ ಅವನು ಅವಳ ಮೈಮೇಲೆ ಕೈಮಾಡಿ, ಅಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದ. ಅವಳ ಮಣಿಕಟ್ಟು ಮುರಿದಿತ್ತು. ಇದನ್ನೂ ತಾಯಿಯೇ ಹೇಳಿದ್ದು. ಬೇಡಮ್ಮ ನಮಗೆ ಯಾರಿಗೂ ತಿಳಿಸಲಿಲ್ಲ.

ಇಷ್ಟಾದ ಮೇಲೆ ಅವಳನ್ನು ದೇವತೆ ಎನ್ನಬೇಕು ಎಂದು ನನ್ನ ದೊಡ್ಡ ಮಗಳು ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ದೇವತೆಯಾದರೆ ಬಸುರಿಯ ಕಣ್ಣಲ್ಲಿ ನೀರು ಬರಿಸುತ್ತಿರಲಿಲ್ಲ. ಇಡೀ ಶಾಲೆಗೆ ಒಂದು ಒಳ್ಳೆಯ ಮಾತು ಹೇಳಿದ್ದರೆ ಅರ್ಧ ಜನ ತಾವಾಗಿಯೇ ಕೇಳುತ್ತಿದ್ದರು. ಅವಳ ನಾಲಿಗೆಯಿಂದಾಗಿಯೇ ಜನ ಅವಳ ಮಾತಿಗೆ ಕಿವಿ ಮುಚ್ಚಿಕೊಂಡರು. ಆ ಕೋಪ ನನಗೆ ಇವತ್ತಿಗೂ ಹೋಗಿಲ್ಲ.

ಮೊನ್ನೆ ಭಾನುವಾರ ಚಹಾ ಕಾಯಿಸುತ್ತಿದ್ದಾಗ ಕ್ಲಾಸಿನಿಂದ ಭಾರೀ ಗಲಾಟೆ. ಏನೆಂದು ಹೋಗಿ ನೋಡಿದರೆ ಆ ಮೆತ್ತಗಿನ ಹುಡುಗಿ ಬೆಂಚಿನ ಮೇಲೆ ಹತ್ತಿ ನಿಂತಿದೆ. ನಮ್ಮ ಚಿನ್ನುವಿಗೆ ಬೆರಳು ತೋರಿಸಿ, ಅಪ್ಪಟ ಕನ್ನಡದಲ್ಲಿ, "ನೀನು ಸುಳ್ಳಿ! ಮಹಾ ಸುಳ್ಳಿ! ನಾನು ನಿನ್ ಜೊತೆ ಟೂ!" ಎಂದು ಹೊರಗಿನ ರಸ್ತೆಗೂ ಕೇಳಿಸುವ ಹಾಗೆ ಕಿರುಚುತ್ತಿದೆ. ಚಿನ್ನು ಇಂಗ್ಲಿಷ್ ಮರೆತು, "ನಾನೂ ಟೂ! ಹೋಗೇ!" ಎನ್ನುತ್ತಿದ್ದಾಳೆ. ಟೀಚರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ನನ್ನ ಎದೆ ತುಂಬಿ ಬಂತು. ಯಾರಿಗಾದರೂ ಹೇಳಲೇಬೇಕು ಎನಿಸಿತು. ಹೇಳಬಹುದಾದ ಒಬ್ಬಳೇ ಒಬ್ಬಳಿಗೆ ಫೋನ್ ಮಾಡಿದೆ.

"ಎಂತ?" ಎಂದಳು. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ.

"ಏನಿಲ್ಲ. ಕೈ ಹೆಂಗಿದೆ?"

"ಉಂಟು ಅದರಷ್ಟಕ್ಕೆ. ಎಂತಕ್ಕೆ ಫೋನ್ ಮಾಡಿದ್ದು?"

ಹೆಸರು ಹೇಳುವ ಹಾಗಿಲ್ಲ. ಹೇಳಿದರೆ ಫೋನಿನಲ್ಲೇ ನನ್ನನ್ನು ಸುಟ್ಟುಬಿಡುತ್ತಾಳೆ. "ಕ್ಲಾಸಲ್ಲಿ ಇಬ್ರು ಹುಡುಗೀರು ಜಗಳ ಆಡ್ತಾವ್ರೆ ಕಣಮ್ಮ. ಕನ್ನಡದಲ್ಲೇ. ಒಬ್ಳಂತೂ ಬೆಂಚ್ ಮೇಲ್ ಹತ್ತಿ ನಿಂತು ಊರಿಗೇ ಕೇಳಂಗೆ ಕೂಗ್ತಾವ್ಳೆ" ಎಂದೆ. ಫೋನನ್ನು ಬಾಗಿಲ ಕಡೆಗೆ ಹಿಡಿದೆ.

ಅವಳು ಕೇಳುತ್ತಿದ್ದಳು. ಬಹಳ ಹೊತ್ತು ಕೇಳಿದಳು. ಮೂಗು ಎಳೆದುಕೊಂಡ ಸದ್ದು ಬಂತು.

"ಯಾರೂ ಬಿಡಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ" ಎಂದಳು. "ಆಡ್ಲಿ."